ಯಾವುದು ಅಸಲಿ ಪ್ರತಿ?

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ ಊರಿನಲ್ಲಿ ಎಂಜಿನಿಯರುಗಳಿಗೆ ಬರವಿರಲಿಲ್ಲ. ಬರವಿದ್ದದ್ದು ದಾರಿಗೆ. ಮಿಲ್ಲರ್ಸ್ ರಸ್ತೆಯ ಕಟ್ಟಡದಲ್ಲಿ ಕೂತು ಮಾಡಿದ ಕೆಲಸವನ್ನು ಸಮುದ್ರದಾಚೆಯ ಕಚೇರಿಗೆ ಮುಟ್ಟಿಸುವುದು ಹೇಗೆ? ಮನೆಗೊಂದು ಟೆಲಿಫೋನ್ ಬೇಕೆಂದು ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಕಂಪನಿ ಉಪಗ್ರಹ ಸಂಪರ್ಕಕ್ಕೆ ಸರ್ಕಾರದ ಒಪ್ಪಿಗೆ ಪಡೆಯಿತು. ಅದಕ್ಕೆ ಬೇಕಾದ ಡಿಶ್ ಆಂಟೆನಾ ಎತ್ತಿನ ಗಾಡಿಯಲ್ಲಿ ಬಂತು. ಬೆಂಗಳೂರಿನ ಐಟಿ ಕಥೆ ಹೇಳುವವರು ಈ ಗಾಡಿ ಹತ್ತದೆ ಮುಂದೆ ಹೋಗುವುದೇ ಕಡಿಮೆ. (1981ರಲ್ಲಿ ಇಸ್ರೋ ತನ್ನ ಆ್ಯಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಪ್ರಸಿದ್ಧ ಫೋಟೊ ಬೇರೆಯದು. ಆಂಟೆನಾ ಪರೀಕ್ಷೆಗೆ ಲೋಹದ ಅಡ್ಡಿಯಿಲ್ಲದ ವಾಹನ ಬೇಕಿತ್ತು, ಅದಕ್ಕೆ ಆ ಗಾಡಿ. ಎರಡನ್ನೂ ಬೆರೆಸಬಾರದು.)

ಗಾಡಿಗಿಂತ ಕುತೂಹಲದ್ದು ಆ ಸಂಪರ್ಕದ ವೇಗ: ಸೆಕೆಂಡಿಗೆ 64 ಕಿಲೋಬಿಟ್. ಎಂಟು ಬಿಟ್‌ಗೆ ಒಂದು ಬೈಟ್ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 8 ಕಿಲೋಬೈಟ್, ಗಂಟೆಗೆ ಹತ್ತಿರ ಹತ್ತಿರ 29 ಮೆಗಾಬೈಟ್. ಒಂದು ಸಿ.ಡಿ.ಯಲ್ಲಿ ಹಿಡಿಸುವಷ್ಟು ಮಾಹಿತಿ ದಾಟಿಸಲು ಎಡೆಬಿಡದೆ ಒಂದು ಹಗಲು, ಒಂದು ರಾತ್ರಿ. ಇಂದು ಮದುವೆಮನೆಯಲ್ಲಿ ಮೊಬೈಲಿನಿಂದ ತೆಗೆದ ಹತ್ತು ನಿಮಿಷದ ವಿಡಿಯೊ ಆ ದಾರಿಯಲ್ಲಿ ಹೊರಟರೆ ಆರತಕ್ಷತೆ ಮುಗಿದರೂ ತಲುಪುತ್ತಿರಲಿಲ್ಲ. ಆದರೂ ಅದು ದೊಡ್ಡ ಸಂಗತಿಯೇ. ಅಲ್ಲಿಯವರೆಗೆ ಸಾಫ್ಟ್‌ವೇರ್ ಹೊರದೇಶಕ್ಕೆ ಹೋಗಬೇಕಾದರೆ ಮ್ಯಾಗ್ನೆಟಿಕ್ ಟೇಪಿನ ಸುರುಳಿಯಾಗಿ ವಿಮಾನ ಹತ್ತಬೇಕಿತ್ತು. ಇಲ್ಲವೇ ಬರೆಯುವ ಎಂಜಿನಿಯರನ್ನೇ ವಿಮಾನ ಹತ್ತಿಸಬೇಕಿತ್ತು.

ಟೇಪಾದರೆ ಕಸ್ಟಮ್ಸ್‌ನವರು ಕೈಯಲ್ಲಿ ಹಿಡಿದು ನೋಡಿ ಮುದ್ರೆ ಒತ್ತಬಹುದು. ತಂತಿಯಲ್ಲೋ ಉಪಗ್ರಹದಲ್ಲೋ ಹಾರಿಹೋದ ಸರಕಿಗೆ ಮುದ್ರೆ ಒತ್ತುವುದೆಲ್ಲಿ? 1986ರ ಸಾಫ್ಟ್‌ವೇರ್ ನೀತಿ ಡೇಟಾ ಸಂಪರ್ಕದ ಮೂಲಕ ರಫ್ತಿಗೆ ದಾರಿ ತೆರೆಯಿತು. ಮುಂದೆ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ಸಾಫ್ಟೆಕ್ಸ್ ಎಂಬ ನಮೂನೆಯೇ ಬಂತು: ಕಣ್ಣಿಗೆ ಕಾಣದ ರಫ್ತಿನ ಘೋಷಣಾಪತ್ರ. 1991ರಲ್ಲಿ ಹುಟ್ಟಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸಂಸ್ಥೆ ಈ ನಮೂನೆಗಳನ್ನು ದೃಢೀಕರಿಸುತ್ತಿತ್ತು. ಸ್ವಂತ ಡಿಶ್ ಹಾಕಿಸುವ ತಾಕತ್ತಿಲ್ಲದ ಸಣ್ಣ ಕಂಪನಿಗಳಿಗೆ ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಉಪಗ್ರಹ ಸಂಪರ್ಕವನ್ನೂ ಹಂಚಿತು. ಬೆಂಗಳೂರು ಬೆಳೆದದ್ದಕ್ಕೆ ಹವೆಯನ್ನು ಹೊಗಳುವವರು ಈ ಹಂಚಿಕೆಯನ್ನು ಮರೆಯುತ್ತಾರೆ.

ಒಂದು ಯಂತ್ರದಿಂದ ಇನ್ನೊಂದಕ್ಕೆ ಫೈಲು ದಾಟಿಸುವ ನಿಯಮ ಮಾತ್ರ ಅಷ್ಟರಲ್ಲಿ ಹಳೆಯದಾಗಿತ್ತು. ಅದನ್ನು ಬರೆದವರು ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ತಂಡದಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. 1971ರ ಏಪ್ರಿಲ್‌ನಲ್ಲಿ ಅವರು ಹೊರತಂದ ಕರಡೇ ಎಫ್‌ಟಿಪಿ ಎಂಬ ಆ ನಿಯಮದ ಮೂಲ. ಇಂಟರ್‌ನೆಟ್ಟಿನ ಪೂರ್ವಜ ಅರ್ಪಾನೆಟ್‌ನಲ್ಲಿದ್ದ ಯಂತ್ರಗಳು ಒಂದಕ್ಕೊಂದು ಅಪರಿಚಿತ. ಪಿಡಿಪಿ-10 ಯಂತ್ರ 36 ಬಿಟ್‌ಗಳ ತುಂಡಿನಲ್ಲಿ ಲೆಕ್ಕ ಇಟ್ಟರೆ, ಐಬಿಎಂ ಯಂತ್ರಗಳು ಎಂಟರ ಲೆಕ್ಕದವು. ಒಂದರ ಫೈಲು ಇನ್ನೊಂದಕ್ಕೆ ಕಸದಂತೆ ಕಾಣುವ ಅಪಾಯ. ಕಳಿಸುವ ಮುನ್ನ ಇದು ಯಾವ ಬಗೆಯ ಸರಕು ಎಂದು ಹೇಳಿಕೊಳ್ಳುವ ಶಿಷ್ಟಾಚಾರವನ್ನು ಭೂಷಣ್ ಗೊತ್ತುಮಾಡಿದರು. ಸ್ವಾರಸ್ಯವೆಂದರೆ, ಆ ಕರಡು ಸೇರಿದ್ದ ಸರಣಿಯ ಆರಂಭದ ಪತ್ರಗಳು ಟೈಪಾಗಿ ಅಂಚೆಯಲ್ಲೇ ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಎಫ್‌ಟಿಪಿಗೆ ಗುಟ್ಟು ಗೊತ್ತಿರಲಿಲ್ಲ. ಪಾಸ್‌ವರ್ಡನ್ನು ಮುಚ್ಚುಮರೆಯಿಲ್ಲದೆ ತಂತಿಯ ಮೇಲೆ ಕಳಿಸುತ್ತಿತ್ತು. ಆದರೂ ಐವತ್ತು ವರ್ಷ ಬಾಳಿತು. ಕ್ರೋಮ್, ಫೈರ್‌ಫಾಕ್ಸ್ ಬ್ರೌಸರುಗಳು ಅದನ್ನು ಹೊರಗಟ್ಟಿದ್ದು 2021ರಲ್ಲಿ.

ಕಚೇರಿಯ ಸಾಮಾನ್ಯ ನೌಕರ ಎಫ್‌ಟಿಪಿಯ ಗೋಜಿಗೆ ಹೋದವನಲ್ಲ. ಅವನಿಗೆ ಸಿಕ್ಕಿದ್ದು ಇ-ಮೇಲ್. ಅದು ಹುಟ್ಟಿದ್ದು ಇಂಗ್ಲಿಷ್ ಅಕ್ಷರಗಳನ್ನು ಒಯ್ಯಲು. ಫೋಟೊ, ಧ್ವನಿ, ಲೆಕ್ಕಪಟ್ಟಿ ಒಯ್ಯಲು ಅಲ್ಲ. 1992ರ ಮಾರ್ಚ್ 11ರಂದು ನ್ಯಾಥನಿಯಲ್ ಬೋರೆನ್‌ಸ್ಟೈನ್ ತಮ್ಮ ಹಾಡುಗಾರ ಗೆಳೆಯರ ತಂಡದ ಚಿತ್ರವನ್ನೂ ಹಾಡನ್ನೂ ಇ-ಮೇಲಿಗೆ ಲಗತ್ತಿಸಿ ಕಳಿಸಿದರು. ಇಂದು ಬಳಕೆಯಲ್ಲಿರುವ ಮೈಮ್ ಪದ್ಧತಿಯ ಲಗತ್ತುಗಳ ಆರಂಭ ಅದು. ಹಿಂದಿರುವ ಉಪಾಯ ಸರಳ: ಯಾವ ಫೈಲಿಗಾದರೂ ಅಕ್ಷರಗಳ ವೇಷ ಹಾಕಿಸಿ ಕಳಿಸುವುದು, ಆ ಕಡೆ ವೇಷ ಕಳಚುವುದು. ಮೂರು ಬೈಟ್‌ಗಳಿಗೆ ನಾಲ್ಕು ಅಕ್ಷರ ಬೇಕಾದ್ದರಿಂದ ಫೈಲಿನ ತೂಕ ಮೂರನೇ ಒಂದು ಭಾಗ ಹೆಚ್ಚುತ್ತದೆ. ಇಪ್ಪತ್ತೈದು ಎಂಬಿ ಮಿತಿ ಎಂದು ಬರೆದಿದ್ದರೂ ಇಪ್ಪತ್ತು ಎಂಬಿಯ ಫೈಲು ಒಮ್ಮೊಮ್ಮೆ ವಾಪಸು ಬರುವುದಕ್ಕೆ ಇದೇ ಕಾರಣ.

ಆಗಿನ ಮೇಲ್ ಪೆಟ್ಟಿಗೆಗಳಾದರೂ ಎಷ್ಟು ದೊಡ್ಡವು? ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್‌ನಲ್ಲಿ ಒಬ್ಬರಿಗೆ ಸಿಗುತ್ತಿದ್ದ ಜಾಗ 2 ಎಂಬಿ. ಯಾರಾದರೂ ಎರಡು ಫೋಟೊ ಕಳಿಸಿದರೆ ಪೆಟ್ಟಿಗೆ ತುಂಬಿ, ಸಾಹೇಬರ ಪತ್ರ ಬಾಗಿಲಿನಿಂದಲೇ ಮರಳುತ್ತಿತ್ತು. 2004ರ ಏಪ್ರಿಲ್ 1ರಂದು ಗೂಗಲ್ ಒಂದು ಜಿಬಿಯ ಜಿಮೇಲ್ ಘೋಷಿಸಿದಾಗ ಹಲವರು ಅದನ್ನು ಏಪ್ರಿಲ್ ಫೂಲ್ ಎಂದೇ ತಿಳಿದರು.

ತೂಕದ ಸಮಸ್ಯೆ ಹೀಗೆ ಮೆಲ್ಲಮೆಲ್ಲಗೆ ಇಳಿಯಿತು. ಪೂರ್ತಿ ಹೋಗಿಲ್ಲ. 2017ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಚಿತ್ರ ಹಿಡಿಯಲು ಈವೆಂಟ್ ಹೊರೈಜನ್ ಟೆಲಿಸ್ಕೋಪ್ ತಂಡ ಎಂಟು ದೂರದರ್ಶಕಗಳಿಂದ ಕೂಡಿಸಿದ ಮಾಹಿತಿ ಸುಮಾರು 5 ಪೆಟಾಬೈಟ್. ಯಾವ ಇಂಟರ್‌ನೆಟ್ಟೂ ಸಾಲದೆ ಅರ್ಧ ಟನ್ನಿನಷ್ಟು ಹಾರ್ಡ್ ಡಿಸ್ಕ್‌ಗಳನ್ನು ವಿಮಾನದಲ್ಲಿ ಹೊತ್ತರು. ದಕ್ಷಿಣ ಧ್ರುವದ ಡಿಸ್ಕ್‌ಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಇಳಿಯುವ ತನಕ ಕಾಯಬೇಕಾಯಿತು. ಮಿಲ್ಲರ್ಸ್ ರಸ್ತೆಯ 64 ಕಿಲೋಬಿಟ್ ದಾರಿಯಲ್ಲಿ ಅಷ್ಟನ್ನು ಕಳಿಸಿದ್ದರೆ ಸುಮಾರು 20 ಸಾವಿರ ವರ್ಷ ಹಿಡಿಯುತ್ತಿತ್ತು.

ಆದರೆ ಕಚೇರಿಗಳನ್ನು ನಿಜವಾಗಿ ಕಾಡಿದ್ದು ತೂಕವಲ್ಲ, ಪ್ರತಿಗಳ ಸಂತಾನ. ಲಗತ್ತಿಸಿದ ಫೈಲು ಹೋಗುವುದಿಲ್ಲ. ಅದರ ನಕಲು ಹೋಗುತ್ತದೆ. ಐದು ಜನರಿಗೆ ಕಳಿಸಿದರೆ ಐದು ನಕಲು, ಐವರೂ ತಿದ್ದಿದರೆ ಐದು ಬೇರೆ ಬೇರೆ ವರದಿ. ಹೆಸರಿನ ಬಾಲಕ್ಕೆ ‘ಫೈನಲ್’, ಆಮೇಲೆ ‘ಫೈನಲ್ 2’, ಆಮೇಲೆ ‘ರಿಯಲ್ ಫೈನಲ್’ ಎಂದು ಅಂಟಿಸುವ ಚಟ ಹುಟ್ಟಿದ್ದು ಹೀಗೆ. ಸಭೆ ಶುರುವಾಗಿ ಅರ್ಧ ಗಂಟೆಯ ಮೇಲೆ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಂಕಿ ಇದೆ ಎಂಬುದು ಗೊತ್ತಾಗುತ್ತಿತ್ತು.

ನಗೆಪಾಟಲಿಗೆ ಗುರಿಯಾಗುವ ಸರ್ಕಾರಿ ಕಡತಕ್ಕೆ ಈ ಕಾಯಿಲೆ ಇರಲಿಲ್ಲ. ವಿಧಾನಸೌಧದ ಪದ್ಧತಿಯಲ್ಲಿ ವಿಷಯ ನಿರ್ವಾಹಕರು ಟಿಪ್ಪಣಿ ಬರೆದು ಶಾಖಾಧಿಕಾರಿಗೆ ಮಂಡಿಸುತ್ತಿದ್ದರು. ಅಲ್ಲಿಂದ ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಎಂದು ಕಡತ ಮೇಲೇರುತ್ತಿತ್ತು. ಟಿಪ್ಪಣಿಯ ಹಾಳೆಗಳು ಒಂದು ಕಡೆ, ಪತ್ರವ್ಯವಹಾರ ಇನ್ನೊಂದು ಕಡೆ. ಪ್ರತಿ ಪ್ಯಾರಾಕ್ಕೆ ಸಂಖ್ಯೆ, ಪ್ರತಿ ಅಭಿಪ್ರಾಯದ ಕೆಳಗೆ ಸಹಿ, ತಾರೀಖು. ಯಾರು, ಯಾವತ್ತು, ಏನು ಹೇಳಿದರು ಎಂಬುದು ಇಪ್ಪತ್ತು ವರ್ಷದ ಮೇಲೂ ತಿಳಿಯುತ್ತಿತ್ತು. ಕೊರತೆ ಒಂದೇ: ಕಡತ ಒಬ್ಬರ ಮೇಜಿನ ಮೇಲಿದ್ದಾಗ ಉಳಿದವರೆಲ್ಲ ಕಾಯಬೇಕಿತ್ತು. ಅವರು ರಜೆಯಲ್ಲಿದ್ದರೆ ಕಡತಕ್ಕೂ ರಜೆ. ಹಾಗಾದರೆ ಪ್ರತಿ ಒಂದೇ ಇರಬೇಕು, ಅದು ಎಲ್ಲರ ಮೇಜಿನ ಮೇಲೂ ಒಟ್ಟಿಗೆ ಇರಬೇಕು. ಕಂಪ್ಯೂಟರ್ ವಿಜ್ಞಾನಿಗಳು ಮೂರು ದಶಕ ತಲೆ ಕೆಡಿಸಿಕೊಂಡದ್ದು ಇದಕ್ಕೇ.

ಅದು ಸಾಧ್ಯ ಎಂದು ಮೊದಲು ತೋರಿಸಿದವರು ಡಗ್ಲಸ್ ಎಂಗೆಲ್ಬಾರ್ಟ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ವೇದಿಕೆಯಲ್ಲಿ ಕೂತು, ಹತ್ತಿರ ಹತ್ತಿರ ಐವತ್ತು ಕಿಲೋಮೀಟರ್ ದೂರದ ಮೆನ್ಲೊ ಪಾರ್ಕ್‌ನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯ ಮೇಲಿನ ಬರಹವನ್ನು ಹಂಚಿಕೊಂಡರು. ಮೌಸ್ ಸಾರ್ವಜನಿಕರೆದುರು ಬಂದದ್ದೂ ಅಂದೇ. ಮೌಸನ್ನು ಲೋಕ ಬಾಚಿಕೊಂಡಿತು, ಹಂಚಿದ ಬರಹವನ್ನು ಬಿಟ್ಟುಬಿಟ್ಟಿತು.

ತೊಡಕು ಇದ್ದದ್ದು ಗಣಿತದಲ್ಲಿ. ‘ಸಭೆ ನಾಳೆ’ ಎಂಬ ಸಾಲು ಹುಬ್ಬಳ್ಳಿಯ ಕಚೇರಿಯಲ್ಲೂ ಮೈಸೂರಿನ ಕಚೇರಿಯಲ್ಲೂ ತೆರೆದಿದೆ ಎನ್ನೋಣ. ಹುಬ್ಬಳ್ಳಿಯವರು ಮೊದಲಿಗೆ ‘ಮುಖ್ಯ’ ಎಂದು ಸೇರಿಸುತ್ತಾರೆ. ಅದೇ ಕ್ಷಣಕ್ಕೆ ಮೈಸೂರಿನವರು ‘ನಾಳೆ’ಯನ್ನು ಅಳಿಸುತ್ತಾರೆ, ಅವರ ಯಂತ್ರ ‘5ರಿಂದ 8ನೇ ಸ್ಥಾನದವರೆಗೆ ಅಳಿಸು’ ಎಂದು ಸಂದೇಶ ಕಳಿಸುತ್ತದೆ. ಆದರೆ ಹುಬ್ಬಳ್ಳಿಯ ಸಾಲಿನಲ್ಲಿ ಈಗ ಆ ಸ್ಥಾನಗಳಲ್ಲಿ ಬೇರೇನೋ ಇದೆ. ‘ಮುಖ್ಯ’ ಕಣ್ಣಿಗೆ ಎರಡೇ ಅಕ್ಷರ. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಮ, ಉಕಾರದ ಚಿಹ್ನೆ, ಖ, ಅರ್ಧಾಕ್ಷರದ ಚಿಹ್ನೆ, ಯ ಎಂದು ಐದು, ಜೊತೆಗೊಂದು ಖಾಲಿ ಜಾಗ. ಎಲ್ಲವೂ ಆರು ಸ್ಥಾನ ಬಲಕ್ಕೆ ಸರಿದಿವೆ. ಬಂದ ಸಂದೇಶವನ್ನು ‘11ರಿಂದ 14ರವರೆಗೆ’ ಎಂದು ತಿದ್ದಿಕೊಂಡು ಪಾಲಿಸಿದರೆ ಮಾತ್ರ ಎರಡೂ ಕಡೆ ಒಂದೇ ಸಾಲು ಉಳಿಯುತ್ತದೆ. ಈ ತಿದ್ದಿಕೊಳ್ಳುವ ವಿಧಾನವನ್ನು ಕ್ಲಾರೆನ್ಸ್ ಎಲಿಸ್ ಮತ್ತು ಸೈಮನ್ ಗಿಬ್ಸ್ 1989ರಲ್ಲಿ ಪ್ರಕಟಿಸಿದರು. ಆಪರೇಷನಲ್ ಟ್ರಾನ್ಸ್‌ಫಾರ್ಮೇಶನ್ ಎಂದು ಅದಕ್ಕೆ ಹೆಸರು. ಎಲಿಸ್, ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಆಫ್ರಿಕನ್ ಅಮೆರಿಕನ್. ಅವರ ಹೆಸರು ಕಚೇರಿಗಳಲ್ಲಿ ಯಾರಿಗೂ ಗೊತ್ತಿಲ್ಲ, ಅವರ ಉಪಾಯವಿಲ್ಲದೆ ಸಾವಿರಾರು ಕಚೇರಿಗಳ ಕೆಲಸ ಸಾಗುವುದಿಲ್ಲ.

ಇನ್ನೊಂದು ದಾರಿ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ತೆರೆದ ವಿಕಿ. ಯಾರು ಬೇಕಾದರೂ ತಿದ್ದಲಿ ಎಂಬುದು ಅದರ ಧೈರ್ಯ. ಹಳೆಯ ಆವೃತ್ತಿಗಳೆಲ್ಲ ‘ಇತಿಹಾಸ’ದಲ್ಲಿ ಉಳಿಯುವ ಏರ್ಪಾಡು ಆಮೇಲೆ ಸೇರಿಕೊಂಡಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ನಡೆಯುತ್ತಿರುವುದು ಹಾಗೆಯೇ. ಇಬ್ಬರು ಒಟ್ಟಿಗೆ ಒಂದೇ ಸಾಲು ತಿದ್ದಿದರೆ ಎರಡನೆಯವರಿಗೆ ಸಂಘರ್ಷದ ಸೂಚನೆ ಬರುತ್ತದೆ. ಬಿಡಿಸಿಕೊಳ್ಳುವ ಕೆಲಸ ಅವರದ್ದೇ.

2005ರಲ್ಲಿ ಸ್ಯಾಮ್ ಶಿಲಾಸ್, ಸ್ಟೀವ್ ನ್ಯೂಮನ್, ಕ್ಲಾಡಿಯಾ ಕಾರ್ಪೆಂಟರ್ ಎಂಬ ಮೂವರು ಬ್ರೌಸರಿನೊಳಗೇ ಬರೆಯುವ ರೈಟ್ಲಿ ಮಾಡಿದರು. ಮರುವರ್ಷ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಕೊಂಡಿತು. ಗೂಗಲ್ ಡಾಕ್ಸ್ ಬೆಳೆದದ್ದು ಅದರಿಂದ. 2008ರ ಈಥರ್‌ಪ್ಯಾಡ್ ಪ್ರತಿಯೊಬ್ಬರ ಬರಹವನ್ನೂ ಒಂದೊಂದು ಬಣ್ಣದಲ್ಲಿ, ಬೆರಳು ಬಿದ್ದ ಹಾಗೇ ತೋರಿಸಿತು. ಅದೂ ಗೂಗಲ್ ಪಾಲಾಯಿತು. 2010ರಲ್ಲಿ ಡಾಕ್ಸ್ ಅನ್ನು ಹೊಸದಾಗಿ ಕಟ್ಟಿದ ಮೇಲೆ ಅಕ್ಷರ ಅಕ್ಷರವೂ ಎದುರಿನವರ ಪರದೆಯಲ್ಲಿ ಮೂಡತೊಡಗಿತು. ಅಂಚಿನಲ್ಲಿ ಟಿಪ್ಪಣಿ, ಟಿಪ್ಪಣಿಗೆ ಹೆಸರು ಮತ್ತು ವೇಳೆ, ಹಿಂದಿನ ಆವೃತ್ತಿಗಳ ದಾಖಲೆ: ಶಾಖಾಧಿಕಾರಿಗೆ ತೋರಿಸಿದರೆ ಇದರಲ್ಲಿ ಹೊಸದೇನಿದೆ ಎಂದು ಕೇಳುತ್ತಿದ್ದರೇನೋ. ಇದೇ ಹೊತ್ತಿಗೆ ಡ್ರೂ ಹ್ಯೂಸ್ಟನ್ ಮತ್ತು ಅರಾಶ್ ಫಿರ್ದೌಸಿ ಕಟ್ಟಿದ ಡ್ರಾಪ್‌ಬಾಕ್ಸ್ ದೊಡ್ಡ ಫೈಲುಗಳ ಕಡೆಯ ಕೆಲಸ ಹಿಡಿದಿತ್ತು. ಫೈಲನ್ನು ತುಂಡು ಮಾಡಿ, ಬದಲಾದ ತುಂಡನ್ನಷ್ಟೇ ಕಳಿಸುವುದು ಅದರ ಜಾಣತನ. ಪೆನ್ ಡ್ರೈವನ್ನು ಮನೆಯಲ್ಲಿ ಮರೆತು ಬಸ್ ಹತ್ತಿದಾಗ ಈ ಯೋಚನೆ ಬಂತೆಂದು ಹ್ಯೂಸ್ಟನ್ ಹೇಳಿಕೊಂಡಿದ್ದಾರೆ.

ಕನ್ನಡದ ಕಚೇರಿಗಳು ಈ ಮೆರವಣಿಗೆಯಲ್ಲಿ ಹಿಂದೆ ಬಿದ್ದದ್ದಕ್ಕೆ ಬೇರೊಂದು ಕಾರಣವಿತ್ತು. 1998ರ ಬರಹ, ಆಮೇಲೆ ನುಡಿ ತಂತ್ರಾಂಶ ಬಂದು ಕನ್ನಡ ಟೈಪಿಂಗ್ ಮನೆಮನೆಗೆ ಮುಟ್ಟಿತು ನಿಜ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂಡಿಸಿದವು. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಸುತ್ತೋಲೆ ಪೂರ್ತಿ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಹಾಗಾಗಿ 1.44 ಎಂಬಿ ಫ್ಲಾಪಿಯಲ್ಲಿ ಲೇಖನದ ಜೊತೆ ಫಾಂಟನ್ನೂ ತುಂಬಿ ಡಿಟಿಪಿ ಅಂಗಡಿಗೆ ಕೊಡುವುದು ವಾಡಿಕೆಯಾಯಿತು. ಬ್ರೌಸರಿನಲ್ಲಿ ಹತ್ತು ಜನ ಸೇರಿ ತಿದ್ದುವ ಕಡತಕ್ಕೆ ಯೂನಿಕೋಡ್ ಬೇಕೇ ಬೇಕು. ಕನ್ನಡ ಅದರ 1991ರ ಮೊದಲ ಆವೃತ್ತಿಯಲ್ಲೇ ಇತ್ತು. ಜನರ ಕೀಲಿಮಣೆಗೆ ಇಳಿಯಲು ದಶಕದ ಮೇಲೆ ಹಿಡಿಯಿತು.

ಪ್ರಕಾಶನದ ಲೋಕದಲ್ಲಿ ಅದು ಈಗಲೂ ಪೂರ್ತಿ ಇಳಿದಿಲ್ಲ. ಪುಟ ಕಟ್ಟುವವರ ಮೆಚ್ಚಿನ ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಲೇಖಕರು ಗೂಗಲ್ ಡಾಕ್ಸ್‌ನಲ್ಲಿ ಸಂಪಾದಕರ ಜೊತೆ ಕೂತು ತಿದ್ದಿದ ಬರಹ ಅಂಗಡಿಗೆ ಬಂದೊಡನೆ ಪರಿವರ್ತಕದ ಮೂಲಕ ಹಾಯ್ದು ನುಡಿಯ ಹಳೆಯ ಸಂಕೇತಕ್ಕೆ ಇಳಿಯುತ್ತದೆ. ದಾರಿಯಲ್ಲಿ ಕೆಲವು ಒತ್ತಕ್ಷರಗಳು ಕಾಲು ಮುರಿದುಕೊಳ್ಳುತ್ತವೆ. ಆಮೇಲೆ ಕರಡು ಪಿಡಿಎಫ್ ಆಗಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಲೇಖಕರು ಅದನ್ನು ಮುದ್ರಿಸಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಪುಟದ ಫೋಟೊ ತೆಗೆದು ವಾಪಸು ಕಳಿಸುತ್ತಾರೆ. ಆ ತಿದ್ದುಪಡಿ ಪೇಜ್‌ಮೇಕರಿನ ಪುಟಕ್ಕೆ ಸೇರುತ್ತದೆ, ಡಾಕ್ಸ್‌ನ ಕಡತಕ್ಕೆ ಸೇರುವುದಿಲ್ಲ. ಎರಡನೇ ಮುದ್ರಣದ ಹೊತ್ತಿಗೆ ಪ್ರಕಾಶಕರು ಅಂಗಡಿಗೆ ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ, ಕೊನೆಯ ಫೈಲು ಯಾರ ಕಂಪ್ಯೂಟರಿನಲ್ಲಿದೆ ಎಂದು.