ಆಡಲು ಅವಕಾಶ ಸಿಗದ ಕೋಚ್: ಜಾನ್ ಮೆಕ್‌ಲೆಂಡನ್

ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಕಂಡುಹಿಡಿದವರು ಡಾ. ಜೇಮ್ಸ್ ನೈಸ್ಮಿತ್ ಎಂದು ನೀವು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಆದರೆ ಅವರ ಶಿಷ್ಯರೊಬ್ಬರ ಹೆಸರನ್ನು ಕೇಳಿರುವ ಸಾಧ್ಯತೆ ಕಡಿಮೆ. ಅವರೇ ಜಾನ್ ಮೆಕ್‌ಲೆಂಡನ್. ಅಮೆರಿಕದ ಕಾಲೇಜುಗಳಲ್ಲಿ ದಶಕಗಳ ಕಾಲ ಈ ಆಟವನ್ನು ಕಲಿಸಿದ ಕಪ್ಪು ಜನಾಂಗದ ಶಿಕ್ಷಕ.

ಮೆಕ್‌ಲೆಂಡನ್ ಹುಟ್ಟಿದ್ದು 1915ರಲ್ಲಿ, ಕಾನ್ಸಾಸ್ ರಾಜ್ಯದಲ್ಲಿ. 1933ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಸ್ವತಃ ನೈಸ್ಮಿತ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರನ್ನೇ ಮಾರ್ಗದರ್ಶಕರನ್ನಾಗಿ ಮಾಡಿಕೊ ಎಂದು ತಂದೆ ಹೇಳಿ ಕಳುಹಿಸಿದ್ದರು. ಮಗ ಹೋಗಿ ಹಾಗೆಯೇ ತಿಳಿಸಿದ, ಗುರುಗಳು ಒಪ್ಪಿಕೊಂಡರು. ಆದರೆ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಹುಡುಗರಿಗೆ ಸ್ಥಾನವಿರಲಿಲ್ಲ. ಆಟವನ್ನು ಸೃಷ್ಟಿಸಿದವರ ಬಳಿಯೇ ಕಲಿಯಬಹುದು, ಆ ಕಾಲೇಜಿನ ಪರವಾಗಿ ಆಡುವಂತಿಲ್ಲ! ಈಜುಕೊಳದ ಕಥೆ ಇನ್ನೂ ವಿಚಿತ್ರ. ಪದವಿಗೆ ಈಜು ಕಡ್ಡಾಯವೆಂದು ಅವರು ನೀರಿಗೆ ಇಳಿದರೆ, ಕೊಳದ ನೀರನ್ನೇ ಖಾಲಿ ಮಾಡಿಸಲಾಯಿತು. ಅವರು ಬಿಡಲಿಲ್ಲ. ಕೊನೆಗೆ ಆ ಕೊಳ ಎಲ್ಲರಿಗೂ ತೆರೆಯಿತು. 1936ರಲ್ಲಿ ಅಲ್ಲಿಂದ ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರಾದರು.

1940ರಲ್ಲಿ ಡರ್ಹಮ್ ನಗರದ ನಾರ್ತ್ ಕ್ಯಾರೋಲಿನಾ ಕಾಲೇಜಿನ ಮುಖ್ಯ ಕೋಚ್ ಆದರು. ಅದು ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಕಾಲೇಜು. ಆಗ ಬ್ಯಾಸ್ಕೆಟ್‌ಬಾಲ್ ಎಂದರೆ ನಿಧಾನದ ಆಟ. ಮೆಕ್‌ಲೆಂಡನ್ ಅದಕ್ಕೆ ಓಟ ಕಲಿಸಿದರು. ಚೆಂಡು ಕೈಗೆ ಸಿಕ್ಕಿದೊಡನೆ, ಎದುರಾಳಿಗಳು ತಮ್ಮ ಜಾಗ ಹಿಡಿಯುವ ಮೊದಲೇ ಮುಂದಕ್ಕೆ ಪಾಸ್ ಮಾಡಿ ಬುಟ್ಟಿಗೆ ಹಾಕುವುದು. ಚೆಂಡು ಅವರ ಬಳಿಯಿದ್ದರೆ ಅಂಕಣದ ಉದ್ದಕ್ಕೂ ಬೆನ್ನು ಬಿಡದೆ ಒತ್ತಡ ಹೇರುವುದು. ಇದಕ್ಕೆ ಎತ್ತರಕ್ಕಿಂತ ಹೆಚ್ಚಾಗಿ ದಮ್ಮು ಬೇಕು, ಶಿಸ್ತು ಬೇಕು. ಇಂದು ನೀವು ಟಿ.ವಿ.ಯಲ್ಲಿ ನೋಡುವ 'ಫಾಸ್ಟ್ ಬ್ರೇಕ್' ಆಟವನ್ನು ಬೆಳೆಸಿದವರಲ್ಲಿ ಇವರು ಪ್ರಮುಖರು.

ಅವರ ತಂಡ 1943-44ರಲ್ಲಿ ಸೋತದ್ದು ಒಂದೇ ಪಂದ್ಯ. ಆದರೂ ದೊಡ್ಡ ರಾಷ್ಟ್ರೀಯ ಟೂರ್ನಿಗಳಿಂದ ಕಪ್ಪು ಕಾಲೇಜುಗಳಿಗೆ ಕರೆ ಬರುತ್ತಿರಲಿಲ್ಲ. ಅದೇ ಊರಿನಲ್ಲಿ ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಯುದ್ಧಕಾಲದ ತರಬೇತಿಗೆ ಬಂದಿದ್ದ ಒಳ್ಳೆಯ ಆಟಗಾರರ ತಂಡವೊಂದಿತ್ತು. ಎರಡರಲ್ಲಿ ಯಾವುದು ಮೇಲು? ನೋಡಿಯೇ ಬಿಡೋಣ ಎಂದು ರಹಸ್ಯವಾಗಿ ನಿಶ್ಚಯವಾಯಿತು.

1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಊರಿನ ಜನರೆಲ್ಲ, ಪೊಲೀಸರೂ ಸಹ, ಚರ್ಚಿನಲ್ಲಿರುವ ಹೊತ್ತು. ಡ್ಯೂಕ್ ಹುಡುಗರು ಸುತ್ತುಬಳಸಿ ಕಾರುಗಳಲ್ಲಿ ಬಂದರು. ಜಿಮ್ನೇಷಿಯಂ ಬಾಗಿಲಿಗೆ ಬೀಗ ಬಿತ್ತು. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮೊದಮೊದಲು ಎರಡೂ ಕಡೆಯವರು ಅಂಜಿಕೆಯಿಂದ ತಪ್ಪು ಮಾಡಿದರು. ಆಮೇಲೆ ಮೆಕ್‌ಲೆಂಡನ್ ಹುಡುಗರು ಓಡತೊಡಗಿದರು. ಅಂತಿಮ ಅಂಕ 88-44, ಸರಿಯಾಗಿ ಎರಡರಷ್ಟು!

ನನಗೆ ಅಂಕಕ್ಕಿಂತ ದೊಡ್ಡದಾಗಿ ಕಾಣುವುದು ಆ ನಂತರ ನಡೆದದ್ದು. ಹುಡುಗರು ಸ್ವಲ್ಪ ವಿಶ್ರಾಂತಿ ಪಡೆದು, ಬಿಳಿಯರು ಕರಿಯರು ಬೆರೆತು ಹೊಸ ತಂಡಗಳನ್ನು ಮಾಡಿಕೊಂಡು ಇನ್ನೊಂದು ಪಂದ್ಯ ಆಡಿದರು. ಅದು ಎಂಥ ಅಪಾಯದ ಕೆಲಸ ಗೊತ್ತೇ? ಅದೇ ವರ್ಷ ಜುಲೈಯಲ್ಲಿ, ಅದೇ ಡರ್ಹಮ್‌ನಲ್ಲಿ, ಬಸ್ಸಿನ ಸೀಟಿನ ಜಗಳದಲ್ಲಿ ಬೂಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕನನ್ನು ಬಿಳಿಯ ಚಾಲಕ ಗುಂಡಿಟ್ಟು ಕೊಂದ. ನ್ಯಾಯಾಲಯ ಅವನನ್ನು ನಿರ್ದೋಷಿ ಎಂದಿತು. ಕೋಚ್ ಮತ್ತು ಹುಡುಗರು ಬಾಯಿ ಬಿಡದಿದ್ದುದಕ್ಕೆ ಕಾರಣ ಇದೇ. ಸುದ್ದಿ ತಿಳಿದಿದ್ದ ಪತ್ರಕರ್ತನೂ ಬರೆಯಲಿಲ್ಲ. ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ 1996ರಲ್ಲಿ ಪ್ರಕಟಿಸಿದ ಮೇಲೆಯೇ ಇದು ಹೊರಜಗತ್ತಿಗೆ ತಿಳಿಯಿತು.

1954ರಲ್ಲಿ ಮೆಕ್‌ಲೆಂಡನ್ ನ್ಯಾಶ್‌ವಿಲ್‌ನ ಟೆನೆಸ್ಸೀ ಎ ಅಂಡ್ ಐ ಕಾಲೇಜಿಗೆ ಹೋದರು. ಅಷ್ಟರಲ್ಲಿ ಸಣ್ಣ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಬಾಗಿಲು ಕಪ್ಪು ಕಾಲೇಜುಗಳಿಗೂ ತೆರೆದಿತ್ತು. ಅದಕ್ಕಾಗಿ ಹೋರಾಡಿದವರಲ್ಲಿ ಅವರೂ ಒಬ್ಬರು. ಕಾನ್ಸಾಸ್ ಸಿಟಿಗೆ ಆಡಲು ಕರೆದಾಗ ಅವರದ್ದೊಂದು ಷರತ್ತು: ಬೇರೆ ತಂಡಗಳು ತಂಗುವ ಹೋಟೆಲಿನಲ್ಲೇ ನನ್ನ ಹುಡುಗರಿಗೂ ಕೋಣೆ ಸಿಗಬೇಕು. ಸಿಕ್ಕಿತು. 1957, 1958, 1959, ಸತತ ಮೂರು ವರ್ಷ ಅವರ ತಂಡವೇ ಚಾಂಪಿಯನ್. ಸತತ ಮೂರು ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದ ಮೊದಲ ಕೋಚ್ ಅವರೇ. 1966ರಲ್ಲಿ ಕ್ಲೀವ್‌ಲೆಂಡ್ ಸ್ಟೇಟ್‌ನ ಕೋಚ್ ಆದರು. ಬಿಳಿಯರೇ ಹೆಚ್ಚಿದ್ದ ವಿಶ್ವವಿದ್ಯಾಲಯಕ್ಕೆ ಕಪ್ಪು ಮುಖ್ಯ ಕೋಚ್ ಬಂದದ್ದು ಅದೇ ಮೊದಲು. ವಿದ್ಯಾರ್ಥಿಯಾಗಿ ಕಾಲೇಜು ತಂಡದ ಹೊರಗೆ ನಿಂತು ಆಗಲೇ ಮೂವತ್ತು ವರ್ಷ ಕಳೆದಿತ್ತು.

ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ 1979ರಲ್ಲಿ ಅವರನ್ನು ಗೌರವಿಸಿತು, ಆದರೆ ಕೋಚ್ ಎಂದಲ್ಲ, ಆಟಕ್ಕೆ 'ಕೊಡುಗೆ ನೀಡಿದವರು' ಎಂದು. ಅವರು 1999ರಲ್ಲಿ ತೀರಿಕೊಂಡರು. ಕೋಚ್ ಎಂಬ ಹೆಸರಿನಲ್ಲಿಯೇ ಅದೇ ಸಂಸ್ಥೆ ಅವರನ್ನು ಮತ್ತೊಮ್ಮೆ ಸೇರಿಸಿಕೊಂಡದ್ದು 2016ರಲ್ಲಿ.