ಹುಡುಗಿಗೆ ಸಿಗದ ಚಿತ್ತಾರ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶಾಲಾ ಚೀಲ ಹೊತ್ತ ಹುಡುಗಿಯರನ್ನು ಕಂಡಾಗ ನಮಗೆ ‘ಚೆಲುವಿನ ಚಿತ್ತಾರ’ ನೆನಪಾಗುತ್ತದೆ. 2007ರಲ್ಲಿ ಅದನ್ನು ನಿರ್ದೇಶಿಸಿದ ಎಸ್. ನಾರಾಯಣ್ ನೆರೆಯ ಭದ್ರಾವತಿಯವರು. 2004ರಲ್ಲಿ ಬಂದ ತಮಿಳಿನ ‘ಕಾದಲ್’ ಅದರ ಮೂಲ.

ಸ್ಥಿತಿವಂತರ ಮನೆಯ ಶಾಲಾ ಬಾಲಕಿಯೂ ಮೆಕ್ಯಾನಿಕ್ ಹುಡುಗನೂ ಪ್ರೀತಿಸಿ ಊರು ಬಿಡುತ್ತಾರೆ. ಮನೆಯವರು ಇಬ್ಬರನ್ನೂ ಬೇರ್ಪಡಿಸುತ್ತಾರೆ. ಅವಳಿಗೆ ಬೇರೆ ಮದುವೆಯಾಗುತ್ತದೆ. ಹುಡುಗ ಬುದ್ಧಿಭ್ರಮಣೆಯಾಗಿ ಬೀದಿಪಾಲಾಗುತ್ತಾನೆ. ಗಣೇಶ್ ನಾಯಕ. ನಾಯಕಿ ಅಮೂಲ್ಯ ಆಗ ಹದಿನಾಲ್ಕರ ಆಸುಪಾಸಿನ ಬಾಲಕಿ. ಚಿತ್ರ ಗೆದ್ದಿತು, ಜನ ಹುಡುಗನಿಗಾಗಿ ಅತ್ತರು.

ಆದರೆ ನಮಗಾದದ್ದು ನಿರಾಶೆ. ಹುಡುಗಿಯ ಓದು ಏನಾಯಿತು? ಅವಳ ಮುಂದಿನ ಬದುಕೇನು? ಚಿತ್ರ ಇದನ್ನು ಕೇಳುವುದೇ ಇಲ್ಲ. ಯೂನಿಫಾರ್ಮ್ ಕೇವಲ ಚೆಲುವಿಗೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಬಾಲ್ಯವಿವಾಹವೆನ್ನುವ 2006ರ ಕಾಯ್ದೆ ಜಾರಿಗೆ ಬಂದದ್ದೂ ಅದೇ 2007ರ ನವೆಂಬರ್ 1ರಂದು. ಕಾನೂನು ಯಾರನ್ನು ಮಗುವೆಂದಿತೋ ಅವಳನ್ನೇ ಪರದೆ ಪ್ರೇಯಸಿಯಾಗಿಸಿತ್ತು.

ನಾಗರಾಜ್ ಮಂಜುಳೆಯವರ ಮರಾಠಿ ‘ಸೈರಾಟ್’ (2016) ಚಿತ್ರದ ಹುಡುಗಿ ಹಾಗಲ್ಲ. ಅವಳು ಟ್ರ್ಯಾಕ್ಟರ್ ಓಡಿಸುತ್ತಾಳೆ, ತಾನೇ ನಿರ್ಧರಿಸುತ್ತಾಳೆ. ಅವಳನ್ನು ಕೊಲ್ಲುವುದು ಜಾತಿ. 2017ರಲ್ಲಿ ನಾರಾಯಣ್ ಅದನ್ನೇ ‘ಮನಸು ಮಲ್ಲಿಗೆ’ಯಾಗಿಸಿದರು. ನಾಯಕಿಯಾಗಿ ಅದೇ ರಿಂಕು ರಾಜಗುರು ಬಂದರೂ ಆ ನೆಲದ ಸಿಟ್ಟು ಬರಲಿಲ್ಲ ಎಂಬುದು ನಮ್ಮ ಅನಿಸಿಕೆ.

ಸಿನಿಮಾವನ್ನಷ್ಟೇ ದೂರಿದರೆ ಸಾಲದು. ಪ್ರೀತಿಯ ಸುದ್ದಿ ಕಿವಿಗೆ ಬಿದ್ದೊಡನೆ ಮಗಳ ಶಾಲೆ ಬಿಡಿಸುವವರು, ಅವಸರದಲ್ಲಿ ಮದುವೆ ಗೊತ್ತುಮಾಡುವವರು ಎಲ್ಲ ಜಾತಿ ಮತಗಳಲ್ಲೂ ಇದ್ದಾರೆ. ಆ ವಯಸ್ಸಿನ ಒಲವು ತಪ್ಪಲ್ಲ, ಅದೇ ಬದುಕಿನ ತೀರ್ಪೂ ಅಲ್ಲ. ಗದರಿಸುವ ಮೊದಲು ನಾವು ಮಗಳ ಮಾತು ಕೇಳೋಣ. ಅವಳ ಪುಸ್ತಕ ಅವಳ ಕೈಯಲ್ಲೇ ಉಳಿಯಲಿ.