ಕೂನೂರಿನ ಇಲಿಗಳು ಉಂಡ ಊಟ

ನೀಲಗಿರಿಯ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿಗೆ ಜನ ಹೋಗುತ್ತಿದ್ದದ್ದು ಹುಚ್ಚುನಾಯಿ ಕಚ್ಚಿದಾಗ. 1918ರಲ್ಲಿ ಅಲ್ಲಿನ ಒಂದೇ ಒಂದು ಕೋಣೆಯಲ್ಲಿ ಅಕ್ಕಿಯ ವಿಚಾರಣೆ ಶುರುವಾಯಿತು. ಕೆಲಸದ ಹೆಸರು ‘ಬೆರಿಬೆರಿ ಎನ್‌ಕ್ವೈರಿ’. ನಡೆಸಿದವರು ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯ ರಾಬರ್ಟ್ ಮೆಕ್ಯಾರಿಸನ್.

ಬೆರಿಬೆರಿ ಬಂದವರ ಕಾಲು ಜೋಮು ಹಿಡಿಯುತ್ತದೆ, ನಡಿಗೆ ಸೋಲುತ್ತದೆ. ಕೆಲವರಿಗೆ ಮೈಯೆಲ್ಲ ಬಾತು ಗುಂಡಿಗೆಯೇ ಕೈಕೊಡುತ್ತದೆ. ಜಾವಾದಲ್ಲಿ ಡಚ್ ವೈದ್ಯ ಐಕ್‌ಮನ್ ಇದರ ಜಾಡು ಹಿಡಿದದ್ದು ಕೋಳಿಗಳಿಂದ. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳು ಕುಸಿದವು, ತೌಡು ಸಿಕ್ಕಾಗ ಎದ್ದು ನಿಂತವು. ತೌಡಿನಲ್ಲಿ ಅಡಗಿದ್ದ ಆ ಬಗೆಯ ಜೀವಪೋಷಕಗಳಿಗೆ 1912ರಲ್ಲಿ ಕ್ಯಾಸಿಮಿರ್ ಫಂಕ್ ‘ವಿಟಮಿನ್’ ಎಂಬ ಹೆಸರು ಕೊಟ್ಟರು. ತೌಡಿನಲ್ಲಿದ್ದದ್ದು ಈಗ ನಾವು ಬಿ1 ಎನ್ನುವ ಥಯಮಿನ್.

ಭಾರತದಲ್ಲಿ ಮಾತ್ರ ಒಂದು ಒಗಟು ಉಳಿದಿತ್ತು. ಅಕ್ಕಿ ಉಣ್ಣುವ ಸೀಮೆಗಳು ಎಷ್ಟೋ ಇದ್ದರೂ ಬೆರಿಬೆರಿ ಬೀಡುಬಿಟ್ಟದ್ದು ಹೆಚ್ಚಾಗಿ ಆಂಧ್ರದ ಕರಾವಳಿಯಲ್ಲಿ, ಆಗಿನ ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ. ಮೂರು ಹೊತ್ತೂ ಗಂಜಿ ಅನ್ನವೇ ಗತಿಯಾಗಿದ್ದ ಮಲಬಾರಿಗೆ, ನಮ್ಮ ದಕ್ಷಿಣ ಕನ್ನಡಕ್ಕೆ ಆ ಪೀಡೆ ಹಾಗೆ ತಟ್ಟಲಿಲ್ಲ. ಕಾರಣ ಭತ್ತ ಬೇಯಿಸುವ ಹಂಡೆಯಲ್ಲಿತ್ತು. ಆಂಧ್ರದವರು ಉಣ್ಣುತ್ತಿದ್ದದ್ದು ಗಿರಣಿಯಲ್ಲಿ ಬೆಳ್ಳಗಾದ ಬೆಳ್ತಿಗೆ ಅಕ್ಕಿ, ಮಲಬಾರು, ದಕ್ಷಿಣ ಕನ್ನಡದವರದ್ದು ಕುಚ್ಚಲಕ್ಕಿ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ ಬೇಯಿಸಿದಾಗ ಹೊರಪದರದ ಬಿ1 ಒಳಗಿನ ಕಾಳಿಗೆ ಇಳಿದು ನಿಲ್ಲುತ್ತದೆ. ಆಮೇಲೆ ಗಿರಣಿ ಎಷ್ಟು ಸವೆಸಿದರೂ ಪೂರ್ತಿ ಹೋಗುವುದಿಲ್ಲ. ವಿಟಮಿನ್ನಿನ ಹೆಸರೇ ಹುಟ್ಟದಿದ್ದ ಕಾಲದಿಂದ ಭತ್ತ ಕುದಿಸಿದ ಹೆಂಗಸರು ಅಷ್ಟು ಜನರ ಕಾಲು ಕಾಪಾಡಿದ್ದರು. ವಿಜ್ಞಾನದ ಚರಿತ್ರೆಯಲ್ಲಿ ಅವರಿಗೆ ಒಂದು ಸಾಲೂ ಸಿಕ್ಕಿಲ್ಲ, ಬಿಡಿ.

1923ರಲ್ಲಿ ಸರ್ಕಾರದ ಖರ್ಚು ಇಳಿಸಲು ಬಂದ ಇಂಚ್‌ಕೇಪ್ ಸಮಿತಿಯ ಕತ್ತರಿಗೆ ಈ ವಿಚಾರಣೆಯೂ ಸಿಕ್ಕಿತು. ಎರಡು ವರ್ಷದ ಮೇಲೆ ಮತ್ತೆ ಚಿಗುರಿ, ದಶಕ ಮುಗಿಯುವಷ್ಟರಲ್ಲಿ ‘ನ್ಯೂಟ್ರಿಷನ್ ರಿಸರ್ಚ್ ಲ್ಯಾಬೊರೇಟರೀಸ್’ ಆಗಿ ಬೆಳೆಯಿತು.

ಮೆಕ್ಯಾರಿಸನ್ನರಿಗೆ ಹೆಸರು ತಂದದ್ದು ಇಲ್ಲಿನ ಇಲಿಗಳು. ಸಿಖ್, ಪಠಾಣ, ಮರಾಠ, ಗೂರ್ಖ, ಕನ್ನಡಿಗ, ಬಂಗಾಳಿ, ಮದರಾಸಿ ಎಂದು ಏಳು ಬಗೆಯ ಊಟವನ್ನು ಏಳು ಗುಂಪಿನ ಇಲಿಗಳಿಗೆ ಬಡಿಸಿ ತೂಗಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು ತರಕಾರಿ ತಿಂದ ಸಿಖ್ ಗುಂಪು ಮೊದಲು ನಿಂತಿತು, ಅಕ್ಕಿಯನ್ನೇ ನೆಚ್ಚಿದ ಮದರಾಸಿ ಗುಂಪು ಕೊನೆಗೆ. ಕನ್ನಡಿಗರದ್ದು ಐದನೆಯ ಸ್ಥಾನ. ಇನ್ನೊಂದು ಪ್ರಯೋಗದಲ್ಲಿ ಇಂಗ್ಲೆಂಡಿನ ಬಡವರ ಊಟ ಕೊಟ್ಟರು: ಬಿಳಿ ಬ್ರೆಡ್, ಮಾರ್ಗರಿನ್, ಸಕ್ಕರೆ ಸುರಿದ ಚಹಾ, ಡಬ್ಬಿ ಮಾಂಸ, ಜಾಮ್. ಆ ಇಲಿಗಳು ಕುಳ್ಳಾಗಿ ಉಳಿದವು, ನೋಡಿಕೊಳ್ಳುವವರನ್ನೇ ಕಚ್ಚಿದವು. ಎರಡು ತಿಂಗಳಾಗುತ್ತಲೇ ಬಲವಿಲ್ಲದ ಜೊತೆಗಾರರನ್ನು ಕೊಂದು ತಿನ್ನತೊಡಗಿದವು. ಆಳುವವರ ನಾಡಿನ ಊಟಕ್ಕೂ ರಿಯಾಯಿತಿ ಇರಲಿಲ್ಲ.

ಆಳುಗಳ ಮೈಕಟ್ಟಿಗೆ ರಕ್ತವೇ ಕಾರಣ, ‘ಯೋಧ ಜನಾಂಗ’ಗಳೇ ಬೇರೆ ಎಂದು ಸೈನ್ಯ ನಂಬಿದ್ದ ಕಾಲದಲ್ಲಿ ಕಾರಣ ತಟ್ಟೆಯಲ್ಲಿದೆ ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ‘ಕನ್ನಡಿಗರ ಊಟ’ ಎಂದರೆ ಯಾವುದು? ಬಿಜಾಪುರದ ಜೋಳದ ರೊಟ್ಟಿಯೋ, ಮಂಡ್ಯದ ರಾಗಿ ಮುದ್ದೆಯೋ, ಮಂಗಳೂರಿನ ಮೀನು ಗಂಜಿಯೋ? ಒಂದು ಭಾಷೆಗೆ ಒಂದು ತಟ್ಟೆ ಎಂದು ಲೆಕ್ಕ ಹಾಕಿದ್ದು ಈ ಪ್ರಯೋಗದ ದೊಡ್ಡ ಕೊರತೆ.

1920ರ ದಶಕದ ಕೊನೆಯಲ್ಲಿ ಲಂಡನ್ನಿನ ವೈದ್ಯೆ ಲೂಸಿ ವಿಲ್ಸ್ ಭಾರತಕ್ಕೆ ಬಂದರು. ಬೊಂಬಾಯಿಯ ಬಟ್ಟೆ ಗಿರಣಿಗಳ ಬಸುರಿ ಹೆಂಗಸರು ರಕ್ತವಿಲ್ಲದೆ ಬಿಳಿಚಿಕೊಂಡು ಸಾಯುತ್ತಿದ್ದದ್ದು ಏಕೆಂಬುದು ಅವರ ಪ್ರಶ್ನೆ. ಕೂನೂರಿನಲ್ಲೂ ಕೆಲಸ ಮಾಡಿ, ಬೊಂಬಾಯಿಗೆ ಮರಳಿ, ಕೊನೆಗೆ ಮದ್ದು ಕಂಡದ್ದು ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಲ್ಲಿ. 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಪದಾರ್ಥವನ್ನು ಹತ್ತು ವರ್ಷದ ನಂತರ ಅಮೆರಿಕದಲ್ಲಿ ಪಾಲಕ್ ಎಲೆಯಿಂದ ಬೇರ್ಪಡಿಸಿ ಫೋಲಿಕ್ ಆಮ್ಲ ಎಂದು ಕರೆದರು. ಇವತ್ತು ಆಶಾ ಕಾರ್ಯಕರ್ತೆ ಬಸುರಿಗೆ ಕೊಡುವ ‘ಕಬ್ಬಿಣದ ಮಾತ್ರೆ’ಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೊಗ್ರಾಂ ಇರುವುದು ಇದೇ.

ಮೆಕ್ಯಾರಿಸನ್ 1935ರಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಆಕ್ರಾಯ್ಡ್ 1937ರಲ್ಲಿ ಒಂದು ಪುಸ್ತಿಕೆ ಹೊರತಂದರು. ಭಾರತದ ಯಾವ ಧಾನ್ಯದಲ್ಲಿ, ಯಾವ ಸೊಪ್ಪಿನಲ್ಲಿ ಏನೆಷ್ಟಿದೆ ಎಂಬ ಪಟ್ಟಿ ಅದು. ನೋಡಲು ನೀರಸ, ಆದರೆ ಇಲಿಗಳ ಪ್ರಯೋಗಕ್ಕಿಂತ ಹೆಚ್ಚು ಕಾಲ ಬಾಳಿದ್ದು, ಹೆಚ್ಚು ಜನರಿಗೆ ಕೆಲಸಕ್ಕೆ ಬಂದದ್ದು ಅದೇ. 1950ರ ದಶಕ ಮುಗಿಯುವ ಹೊತ್ತಿಗೆ ಪ್ರಯೋಗಾಲಯ ಹೈದರಾಬಾದಿಗೆ ಹೋಯಿತು. 1969ರಲ್ಲಿ ‘ರಾಷ್ಟ್ರೀಯ ಪೋಷಣಾ ಸಂಸ್ಥೆ’ ಎನಿಸಿತು. ಆ ಸಂಸ್ಥೆ 2017ರಲ್ಲಿ ತಂದ ಹೊಸ ಪಟ್ಟಿಯಲ್ಲಿ 528 ಆಹಾರಗಳಿವೆ. ಅದರ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ.